ನಾಗಪುರದ ಬಿಸಲು, ಚೆನ್ನೈದ ಕುದಿ, ದಿಲ್ಲಿ ಕಡೆ ಹೊಗಿ: ಯಾವ ಊರಾಗ ಸಂಸಾರ ಹೂಡಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದಾಗ ಇರೋದ್ರಿ. ನಮ್ಮ ಕಂಪನಿಯವರು ನಾಗಪುರ, ಚೆನ್ನೈ, ದಿಲ್ಲಿ ಬಾಜೂದ ಗುರುಗ್ರಾಮ ಅಂತ ಮೂರು ಊರು ಮುಂದಿಟ್ಟು ಒಂದು ಆರಿಸ್ಕೋ ಅಂದಾರ. ಎರಡು ವರ್ಷ ಆದಮ್ಯಾಲ ಕೆನಡಾದ ವಿನ್ನಿಪೆಗ್‌ಗೂ ಕಳಸಬಹುದಂತ. ಪಗಾರ ಎಲ್ಲಾ ಕಡೆ ಹೆಚ್ಚುಕಡಿಮಿ ಒಂದ. ಮನ್ಯಾಗ ಹೆಂಡತಿ, ನಾಕು ವರ್ಷದ ಮಗಳು, ದಮ್ಮಿನ ತ್ರಾಸು ಇರೋ ಅವ್ವ ಅದಾರ. ಇವುಗಳೊಳಗ ಯಾವ ಊರಿನ ಹವಾ ಭಾಳ ಕೆಟ್ಟದ್ದು? ಅಷ್ಟು ಕೆಟ್ಟ ಹವಾದಾಗ ಲಕ್ಷಗಟ್ಟಲೆ ಮಂದಿ ಹೆಂಗ ಇರ್ತಾರ, ಯಾಕ ಇರ್ತಾರ? ನಮ್ಮ ಮಾವ ಅಂತೂ ‘ಹುಬ್ಬಳ್ಳಿ-ಧಾರವಾಡದಂಥಾ ಹವಾ ಬಿಟ್ಟು ಹೋಗೋದು ಹುಚ್ಚತನ’ ಅಂತ ಒಂದ ಸಮನ ಹೇಳಾಕತ್ತಾರ.

ಉತ್ತರ: ಮೊದಲ ನೇರ ಹೇಳಿಬಿಡ್ತೀನ್ರಿ, ಕಾರಣ ಆಮ್ಯಾಲ. ನಿಮ್ಮ ಮನಿಗೆ ಮೂರರಾಗ ಕೆಟ್ಟದ್ದು ಗುರುಗ್ರಾಮ, ಅದೂ ಬಿಸಲಿನ ಸಲವಾಗಿ ಅಲ್ಲ, ಅವ್ವಾರ ದಮ್ಮಿನ ಸಲವಾಗಿ. ಕೇಳಿದ್ರ ಎದಿ ಝಲ್ ಅನ್ನೋಹಂಗ ಡಿಗ್ರಿ ಏರೋದು ನಾಗಪುರದಾಗ, ಆದ್ರ ಕಡಿಮಿ ರೊಕ್ಕದಾಗ ಸುಧಾರಿಸಿಕೊಂಡು ಇರಬಹುದಾದ ಊರೂ ಅದ. ಚೆನ್ನೈ ನಡುವ ಬರ್ತೈತಿ, ಎಸಿ ಬಿಲ್ಲು ಕಟ್ಟೋ ತಾಕತ್ತಿದ್ರ ಚೊಲೋನ ಐತಿ, ಇಲ್ಲಂದ್ರ ವರ್ಷದಾಗ ಐದಾರು ತಿಂಗಳು ನಿದ್ದಿ ಇಲ್ಲ. ವಿನ್ನಿಪೆಗ್ ಮಾತು ಪೂರಾ ಬ್ಯಾರೆ, ಅದನ್ನ ಕೆಳಗ ಹೇಳ್ತೀನಿ. ನಿಮ್ಮ ಮಾವಾರ ಮಾತಿಗೂ ನಂದೊಂದಿಷ್ಟು ತಕರಾರು ಐತಿ, ಅವರಿಗೆ ಸಿಟ್ಟು ಬಂದ್ರೂ ಅಡ್ಡಿಯಿಲ್ಲ, ಓದಿ ಹೇಳ್ರಿ.

ಟಿವ್ಯಾಗ ಪೇಪರಿನ್ಯಾಗ ದಿನಾ ಬರೋದು ಮಧ್ಯಾಹ್ನದ ಗರಿಷ್ಠ ಉಷ್ಣಾಂಶ. ನಾಗಪುರ 45, ಚೆನ್ನೈ 37 ಅಂತ ಬರ್ತೈತಿ, ಓದಿದಾಂವ ಚೆನ್ನೈನ ಪಾಡು ಅಂತ ತಿಳಕೋತಾನ. ವರ್ಷಗಟ್ಟಲೆ ಹುಡುಗರಿಗೆ ಹವಾಮಾನದ ಪಾಠ ಹೇಳಿದಾಂವ ನಾನು, ಪ್ರತಿ ವರ್ಷನೂ ಹೊಸ ಹುಡುಗರ ತಲಿಯಿಂದ ಮೊದಲ ತಗೀಬೇಕಾಗೋದು ಈ ಒಂದ ನಂಬರಿನ ಹುಚ್ಚು. ಊರಿನ ಹವಾ ಇರಾಕ ಬರ್ತೈತೋ ಇಲ್ಲೋ ಅನ್ನೋದು ಗೊತ್ತಾಗೋದು ಮಧ್ಯಾಹ್ನದ ಡಿಗ್ರಿಯಿಂದ ಕಡಿಮಿ, ರಾತ್ರಿ ಎಷ್ಟಕ್ಕ ಇಳೀತೈತಿ, ಗಾಳ್ಯಾಗ ಪಸಿ ಎಷ್ಟೈತಿ ಅನ್ನೋದರಿಂದ ಹೆಚ್ಚು.

ಯಾಕಂದ್ರ ನಮ್ಮ ಮೈ ಒಳಗಿನ ಕಾವು 37 ಡಿಗ್ರಿ ಸುತ್ತ ಇರಬೇಕು, ಚರ್ಮ 35ರ ಆಸುಪಾಸು ಇರ್ತೈತಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿ ಆತಂದ್ರ ಒಳಗಿನ ಕಾವು ಹೊರಗ ಹೋಗಾಕ ಉಳಿಯೋ ಹಾದಿ ಒಂದ, ಬೆವರು. ಅದು ಬರೇ ಸುರಿದ್ರ ಸಾಲಂಗಿಲ್ಲ, ಆರಬೇಕು, ಆರುವಾಗ ಮೈಯಾಗಿನ ಕಾವು ತಗೊಂಡು ಹೋಗ್ತೈತಿ. ಗಾಳ್ಯಾಗ ಮೊದಲ ನೀರಿನ ಆವಿ ತುಂಬಿತ್ತಂದ್ರ ಬೆವರು ಆರಾಕ ಜಾಗಾನ ಇಲ್ಲ, ಅಂಗಿ ತೊಯ್ದು ಬೆನ್ನಿಗೆ ಅಂಟತೈತಿ ಅಷ್ಟ. ಲೆಕ್ಕ ಹಾಕಿ ನೋಡ್ರಿ: ನೆಳ್ಳಾಗ 40 ಡಿಗ್ರಿ, ತೇವಾಂಶ 20 ಪರ್ಸೆಂಟ್ ಇದ್ರ ಮೈಗೆ ಅದು ಹತ್ತೋದು 39-40ರ ಹಂಗ. ಬರೇ 32 ಡಿಗ್ರಿ ಇದ್ದು ತೇವಾಂಶ 70 ಪರ್ಸೆಂಟ್ ಇದ್ರ ಅದು 41ರ ಹಂಗ ಹತ್ತತೈತಿ. ಎಂಟು ಡಿಗ್ರಿ ಕಡಿಮಿ ಇದ್ರೂ ತ್ರಾಸು ಜಾಸ್ತಿ.

ಇನ್ನೊಂದು ಅಳತಿ ಐತಿ, ನನಗ ಅದ ಭಾಳ ಪಸಂದು. ಥರ್ಮಾಮೀಟರಿನ ಬುಡಕ್ಕ ಒದ್ದಿ ಅರಿವಿ ಸುತ್ತಿ ಗಾಳಿ ಬೀಸಿದ್ರ ನೀರು ಆರಿ ಪಾದರಸ ಕೆಳಗ ಇಳೀತೈತಿ, ಅದು ಎಲ್ಲಿ ನಿಲ್ತೈತೋ ಅದಕ್ಕ ವೆಟ್ ಬಲ್ಬ್ ಉಷ್ಣಾಂಶ ಅಂತಾರ. ಮ್ಯಾಲೆ ಹೇಳಿದ 40 ಡಿಗ್ರಿ ಒಣ ಗಾಳ್ಯಾಗ ಅದು 22-23ಕ್ಕ ನಿಲ್ತೈತಿ, 32 ಡಿಗ್ರಿ ಪಸಿ ಗಾಳ್ಯಾಗ 27ಕ್ಕ. ಅಂದ್ರ ಒಣ ಊರಾಗ ನೀರಿನಿಂದ ತಂಪು ಮಾಡ್ಕೊಳ್ಳಾಕ ಹದಿನೇಳು ಡಿಗ್ರಿ ಅವಕಾಶ ಐತಿ, ಪಸಿ ಊರಾಗ ಬರೇ ಐದು. ಈ ವೆಟ್ ಬಲ್ಬ್ 35 ಮುಟ್ಟಿದ್ರ ಎಂಥಾ ಗಟ್ಟಿ ಮನಷ್ಯಾನೂ ನೆಳ್ಳಾಗ ಸುಮ್ನ ಕುಂತ್ರೂ ಕೆಲವ ತಾಸಿನ್ಯಾಗ ಸಾಯ್ತಾನ ಅಂತ 2010ರಾಗ ಶೆರ್ವುಡ್ ಮತ್ತ ಹ್ಯೂಬರ್ ಅನ್ನೋ ಇಬ್ರು ವಿಜ್ಞಾನಿಗಳು ತೋರಿಸಿದ್ರು. ಆಮ್ಯಾಲ ಅಮೆರಿಕಾದ ಪೆನ್‌ ಸ್ಟೇಟ್ ಯೂನಿವರ್ಸಿಟಿಯವರು ಖರೇ ಮಂದೀನ ಬಿಸಿ ಖೋಲ್ಯಾಗ ಕೂಡಿಸಿ ನೋಡಿದ್ರ, ತರುಣ ಹುಡುಗರಿಗೂ 31ರ ಸುತ್ತಾನ ಮೈ ಸೋಲಾಕ ಚಾಲೂ ಆತು. ಮುದುಕರಿಗೆ ಇನ್ನೂ ಕೆಳಗ.

ಗದಗಿನ್ಯಾಗ ಏಪ್ರಿಲ್ ತಿಂಗಳದಾಗ ಮಣ್ಣಿನ ಕೊಡದಾಗಿನ ನೀರು ಹಲ್ಲು ಜುಮ್ ಅನ್ನೋಹಂಗ ತಣ್ಣಗ ಇರ್ತೈತಿ, ಅದ ಕೊಡ ಮಂಗಳೂರಿಗೆ ಒಯ್ದು ಇಟ್ರ ಅಷ್ಟು ತಣ್ಣಗ ಆಗಂಗಿಲ್ಲ. ಕೊಡ ಕೆಟ್ಟಿಲ್ರಿ, ಗಾಳಿ ಬ್ಯಾರೆ. ಕೂಲರಿನ ಕತಿನೂ ಇದ. ನಾಗಪುರದಾಗ ಮನಿ ಮನಿ ಕಿಡಕ್ಯಾಗ ದೊಡ್ಡ ದೊಡ್ಡ ಕಬ್ಬಿಣದ ಕೂಲರ್ ಇರ್ತಾವ, 44 ಡಿಗ್ರಿ ಗಾಳೀನ ಅವು ಆರಾಮ 27-28ಕ್ಕ ಇಳಸ್ತಾವ, ಕರೆಂಟು ಫ್ಯಾನಿಗಿಂತ ಸ್ವಲ್ಪ ಜಾಸ್ತಿ ಅಷ್ಟ. ಅದ ಕೂಲರ್ ಚೆನ್ನೈದಾಗ ಹಚ್ಚಿದ್ರ ಖೋಲಿ ಬಚ್ಚಲಮನಿ ಆಗ್ತೈತಿ. ಹಂಗಾಗಿ ಚೆನ್ನೈದಾಗ ಎಸಿ ಬಿಟ್ರ ಗತಿ ಇಲ್ಲ, ಆ ಖರ್ಚನ್ನ ಪಗಾರದ ಲೆಕ್ಕದಾಗ ಮೊದಲ ಕಳದು ಬಿಡ್ರಿ.

ನಿಮ್ಮ ಮೊಬೈಲಿನ ಹವಾಮಾನದ ಆ್ಯಪಿನ್ಯಾಗ ಡ್ಯೂ ಪಾಯಿಂಟ್ ಅಂತ ಒಂದು ಇರ್ತೈತಿ, ಯಾರೂ ನೋಡಂಗಿಲ್ಲ. ಗಾಳಿ ಎಷ್ಟು ಡಿಗ್ರಿಗೆ ಇಳದ್ರ ಇಬ್ಬನಿ ಕಟ್ಟತೈತಿ ಅನ್ನೋ ಲೆಕ್ಕ ಅದು. 16ರ ಒಳಗ ಇದ್ರ ಹಾಯ್ ಅನಸ್ತೈತಿ, 20 ದಾಟಿದ್ರ ಮೈ ಅಂಟಂಟು, 24 ದಾಟಿದ್ರ ಜೀವಕ್ಕ ಬ್ಯಾಸರ. ಪರ್ಸೆಂಟ್ ತೇವಾಂಶ ನೋಡಿ ಮೋಸ ಹೋಗಬ್ಯಾಡ್ರಿ, ಅದು ಮುಂಜಾನಿಗೊಂದು ಸಂಜಿಗೊಂದು ಇರ್ತೈತಿ, ಡ್ಯೂ ಪಾಯಿಂಟ್ ಅಷ್ಟು ಜಿಗದಾಡಂಗಿಲ್ಲ. ಮೂರೂ ಊರು ಆ್ಯಪಿಗೆ ಹಾಕ್ಕೊಂಡು ಒಂದು ವಾರ ನೋಡ್ರಿ, ನನ್ನ ಉತ್ತರ ಅರ್ಧ ನಿಮಗ ಅಲ್ಲೇ ಸಿಗ್ತೈತಿ.

ಈಗ ರಾತ್ರಿ ಮಾತು. ಹಗಲೆಲ್ಲಾ ಬೆಂದ ಮೈ ರಾತ್ರಿ ತಣ್ಣಗ ಆಗಬೇಕು, ಆಗಲಿಲ್ಲಂದ್ರ ಮರುದಿನದ ಬಿಸಲು ಡಬಲ್ ಹೊಡೀತೈತಿ, ಝಳದಾಗ ಮುದುಕರು ಸಾಯೋದು ಹೆಚ್ಚಾಗಿ ಹಿಂಗ ಎರಡು ಮೂರು ರಾತ್ರಿ ಸುಧಾರಿಸಿಕೊಳ್ಳಾಕ ಸಿಗದಾಗ. ಮೇ ತಿಂಗಳದಾಗ ಧಾರವಾಡದ ರಾತ್ರಿ 21-22ಕ್ಕ ಇಳೀತೈತಿ, ನಾಗಪುರ, ಚೆನ್ನೈ ಎರಡೂ 27-28ರ ಹತ್ರಾನ ನಿಲ್ತಾವ, ದಿಲ್ಲಿ ಜೂನ್ ತಿಂಗಳದಾಗ ಹಂಗ. ನಾಗಪುರದ 28 ಒಣಾ 28, ಕೂಲರ್ ಹಚ್ಚಿ ಮಲಕ್ಕೋಬಹುದು. ಚೆನ್ನೈದ 28 ಕಡಲಿನ 28, ಎರಡು ಸಲ ಜಳಕ ಮಾಡಿ ಮಲಗಿದ್ರೂ ದಿಂಬು ತೊಯ್ದಿರ್ತೈತಿ. ಮತ್ತ ಊರು ದೊಡ್ಡದಾದಂಗ ರಾತ್ರಿ ಇನ್ನೂ ಬಿಸಿ ಆಗ್ತೈತಿ, ಸಿಮೆಂಟು, ಡಾಂಬರು, ಸ್ಲ್ಯಾಬು ಹಗಲು ಕುಡದ ಕಾವನ್ನ ರಾತ್ರಿಯೆಲ್ಲಾ ಬಿಡ್ತಾವ. ನಮ್ಮ ಹುಬ್ಬಳ್ಳ್ಯಾಗೂ ಹತ್ತು ಗಂಟೆ ರಾತ್ರಿಗೆ ಸ್ಲ್ಯಾಬಿನ ಮ್ಯಾಲ ಬರಿಗಾಲಿಲೆ ನಿಂತು ನೋಡ್ರಿ, ಗೊತ್ತಾಗ್ತೈತಿ.

ಎಷ್ಟು ತಿಂಗಳು ಅನ್ನೋದೂ ನೋಡಬೇಕಲ್ಲ. ನಾಗಪುರದಾಗ ಏಪ್ರಿಲ್ ನಡುವಿಂದ ಜೂನ್ ನಡುವಿನ ತನಕ ಖರೇನ ಬೆಂಕಿ, ಹನ್ನೊಂದರಿಂದ ಐದರ ತನಕ ಹೊರಗ ಹೆಜ್ಜಿ ಇಡಂಗಿಲ್ಲ. ಮಳಿ ಬಂತಂದ್ರ ಡಿಗ್ರಿ ದಡ್ಡಂತ ಇಳೀತೈತಿ, ಜುಲೈ ಆಗಸ್ಟ್ ಸ್ವಲ್ಪ ಕುದಿ, ಆಗ ಕೂಲರೂ ನಡಿಯಂಗಿಲ್ಲ. ನವೆಂಬರಿನಿಂದ ಫೆಬ್ರವರಿ ಭಾಳ ಚಂದ, ಡಿಸೆಂಬರ್ ರಾತ್ರಿ 12-13. ಅಂದ್ರ ಎರಡು ತಿಂಗಳು ಕೆಟ್ಟದ್ದು, ಎರಡು ಸುಮಾರು, ಉಳದದ್ದು ಪಾಡು. ಚೆನ್ನೈದಾಗ ಕುದಿ ಏಪ್ರಿಲ್‌ಗೆ ಚಾಲೂ ಆದ್ರ ಸಪ್ಟಂಬರ್ ತನಕ ಬಿಡಂಗಿಲ್ಲ. ಅಲ್ಲಿ ಮಳಿಗಾಲ ನಮ್ಮ ಹಂಗ ಜೂನಿಗೆ ಬರಂಗಿಲ್ಲ, ಈಶಾನ್ಯದ ಮಳಿ ಅಕ್ಟೋಬರಿನಿಂದ ಡಿಸೆಂಬರ್, ಬಂದ್ರ ಒಮ್ಮೊಮ್ಮೆ 2015ರ ಡಿಸೆಂಬರಿನ್ಯಾಗ ಬಂದಂಗ ಊರನ್ನ ಮುಳಗಸ್ತೈತಿ, ಬರಲಿಲ್ಲಂದ್ರ 2019ರ ಜೂನಿನಂಗ ಕೆರಿ ಒಣಗಿ ಟ್ಯಾಂಕರಿನ ಮುಂದ ಕೊಡ ಹಿಡಕೊಂಡು ನಿಲ್ಲಬೇಕು. ಒಂದು ಉಪಕಾರ ಐತಿ, ಮಧ್ಯಾಹ್ನದ ಹೊತ್ತಿಗೆ ಕಡಲಿನ ಗಾಳಿ ಬರ್ತೈತಿ. ಅದು ತಡಾ ಮಾಡಿದ ದಿನ ಮಾತ್ರ ಚೆನ್ನೈ ಒಣಾ ಊರಿನಂಗ ಕಾಯ್ತೈತಿ, 2003ರ ಮೇ 31ಕ್ಕ 45 ಡಿಗ್ರಿ ಮುಟ್ಟಿತ್ತು.

ಗುರುಗ್ರಾಮ ಅಂದ್ರ ಹವಾದ ಲೆಕ್ಕದಾಗ ದಿಲ್ಲಿನ, ಗಾಳಿಗೆ ರಾಜ್ಯದ ಗಡಿ ಇರಂಗಿಲ್ಲ. ಅಲ್ಲಿ ಎಲ್ಲಾ ನಮೂನಿ ತ್ರಾಸು ಒಂದ ಊರಾಗ ಸಿಗ್ತಾವ. ಮೇ-ಜೂನಿನ್ಯಾಗ ಲೂ ಅನ್ನೋ ಬಿಸಿಗಾಳಿ, 45 ಡಿಗ್ರಿ. ಜುಲೈ-ಆಗಸ್ಟ್ ಚೆನ್ನೈದಂಥಾ ಕುದಿ. ಜನವರ್ಯಾಗ ಮಂಜು ಮುಸುಕಿ ಹಗಲೂ ನಡಗಬೇಕು, ರಾತ್ರಿ 4-5 ಡಿಗ್ರಿ, ನಮ್ಮ ಕಡೆ ಹಂಗ ಮನಿಯೂ ಥಂಡಿಗೆ ಅಂತ ಕಟ್ಟಿರಂಗಿಲ್ಲ. ಇಷ್ಟಾದ್ರೂ ತಡಕೋಬಹುದಿತ್ತು. ತಡಕೊಳ್ಳಾಕ ಬರದಿರೋದು ಅಕ್ಟೋಬರ್ ಕಡೀದಿಂದ ಜನವರಿ ತನಕದ ಹೊಗಿ. ಆ ಹೊತ್ತಿನ್ಯಾಗ ಗಾಳಿ ಬೀಸೋದು ನಿಲ್ತೈತಿ, ರಾತ್ರಿ ನೆಲ ಜಲ್ದಿ ತಣ್ಣಗಾಗಿ ನೆಲದ ಹತ್ರದ ಗಾಳಿ ಭಾರ ಆಗಿ ಕೆಳಗ ಕುಂದರ್ತೈತಿ, ಅದರ ಮ್ಯಾಲ ಬೆಚ್ಚಗಿನ ಗಾಳಿ ಮುಚ್ಚಳ ಹಾಕ್ತೈತಿ. ಅದರ ಕೆಳಗ ಗಾಡಿ ಹೊಗಿ, ಇಟ್ಟಂಗಿ ಭಟ್ಟಿ, ಕಟ್ಟಡದ ಧೂಳು, ಪಂಜಾಬ್-ಹರಿಯಾಣಾದಾಗ ಭತ್ತದ ಕೂಳಿ ಸುಟ್ಟ ಹೊಗಿ ಎಲ್ಲಾ ಸಿಕ್ಕೊಂಡು ಬೀಳ್ತೈತಿ. ಪಿಎಂ 2.5 ಅಂತಾರಲ್ಲ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣ, ಅದು ವರ್ಷದ ಸರಾಸರಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಮ್ ಇರಬೇಕಂತ ವಿಶ್ವ ಆರೋಗ್ಯ ಸಂಸ್ಥೆ 2021ರಾಗ ಹೇಳೈತಿ, ನಮ್ಮ ಸರಕಾರ 40 ತನಕ ನಡೀತೈತಿ ಅಂತೈತಿ, ದಿಲ್ಲ್ಯಾಗ ಅದು ನೂರರ ಆಸುಪಾಸು. ನವೆಂಬರಿನ ಕೆಟ್ಟ ದಿನ 300 ದಾಟೋದು ಹೊಸದಲ್ಲ. ಬಿಸಲಿಗೆ ಎಸಿ ಐತಿ, ಥಂಡಿಗೆ ಸ್ವೆಟರ್ ಐತಿ, ಉಸಿರಾಡೋ ಗಾಳಿಗೆ ಮಾತ್ರ ಖೋಲ್ಯಾಗ ಮಷಿನ್ ಹಚ್ಚಿ ಬಾಗಲಾ ಹಾಕ್ಕೊಂಡು ಕುಂದರಬೇಕು, ನಾಕು ವರ್ಷದ ಕೂಸನ್ನ ಎಷ್ಟು ದಿನ ಹಂಗ ಕೂಡಿಸ್ತೀರಿ? ದಮ್ಮಿನ ಅವ್ವಾರಿಗೆ ಅಂತೂ ಬ್ಯಾಡ. ಆ ಊರಿಗೇ ಹೋಗೋದು ತಪ್ಪದಂಗ ಆದ್ರ ದೀಪಾವಳಿಗೆ ಅವ್ವಾರನ್ನ ಹುಬ್ಬಳ್ಳಿಗೆ ಕರಕೊಂಡು ಬಂದು ಶಿವರಾತ್ರಿ ತನಕ ಇಲ್ಲೇ ಬಿಡ್ರಿ, ತಮಾಷಿ ಮಾಡಾಕತ್ತಿಲ್ಲ.

ಈಗ ನಿಮ್ಮ ಮಾವಾರ ಮಾತು. ನಮ್ಮ ಹವಾ ಚೊಲೋ ಅನ್ನೋದು ಖರೇ, ಅದಕ್ಕ ಕಾರಣನೂ ಅದಾವ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಹುಬ್ಬಳ್ಳಿ ನೂರು ಮೀಟರ್ ಕೆಳಗ. ಸಾವಿರ ಮೀಟರ್ ಏರಿದ್ರ ಆರೂವರಿ ಡಿಗ್ರಿ ಇಳೀತೈತಿ ಅನ್ನೋದು ಸಾಮಾನ್ಯ ಲೆಕ್ಕ, ರಾಯಚೂರು ನಾಲ್ಕನೂರು ಮೀಟರಿನ ಸುತ್ತ ಐತಿ, ಅಲ್ಲೇ ಎರಡು ಡಿಗ್ರಿ ಫರಕು ಬಂತು. ಅದರ ಮ್ಯಾಲ ಪಡವಲ ಘಟ್ಟದ ಸಂದ್ಯಾಗಿಂದ ಸಂಜಿಗೆ ಬರೋ ಗಾಳಿ, ಏಪ್ರಿಲ್-ಮೇದಾಗ ನಾಕು ದಿನ ಕಾಯ್ತಿದ್ದಂಗ ಗುಡುಗು ಹಾಕಿ ಸುರಿಯೋ ಅಡ್ಡಮಳಿ. ಸರಕಾರಾನ ಒಪ್ಪಿಕೊಂಡೈತಿ ನೋಡ್ರಿ, ಬ್ಯಾಸಗ್ಯಾಗ ಕಲಬುರಗಿ ವಿಭಾಗದ ಜಿಲ್ಲಾಗಳಿಗೆ, ಮತ್ತ ವಿಜಯಪುರ, ಬಾಗಲಕೋಟಿಗೆ ಆಫೀಸು ಮುಂಜಾನೆ 8ರಿಂದ ಮಧ್ಯಾಹ್ನ 1.30 ತನಕ ಅಂತ ಆದೇಶ ಹೊರಡತೈತಿ, ಧಾರವಾಡ, ಗದಗ, ಹಾವೇರಿಗೆ ಆ ಸವಲತ್ತು ಇಲ್ಲ. ನಮ್ಮ ಕಡೆ ನೌಕರರಿಗೆ ಇದರ ಬಗ್ಗೆ ಖುಷಿ ಇಲ್ಲ, ಬಿಡ್ರಿ.

ಆದ್ರ ‘ಹುಬ್ಬಳ್ಳಿ-ಧಾರವಾಡದ ಹವಾ’ ಅಂತ ಒಂದ ಉಸಿರಿನ್ಯಾಗ ಅನ್ನೋದ ತಪ್ಪು. ಇಪ್ಪತ್ತು ಕಿಲೋಮೀಟರಿನ್ಯಾಗ ಎರಡು ಹವಾ ಅದಾವ. ಧಾರವಾಡ ಮಲೆನಾಡಿನ ಸೆರಗು, ಜುಲೈದಾಗ ಜಿಟಿಜಿಟಿ ಹಿಡದ್ರ ವಾರಗಟ್ಟಲೆ ಅರಿವಿ ಒಣಗಂಗಿಲ್ಲ. ಹುಬ್ಬಳ್ಳಿ ಎರಿ ನೆಲದ ಬಾಗಲಾ, ಅಲ್ಲಿಂದ ಮೂಡಲಕ್ಕ ನವಲಗುಂದ, ಅಣ್ಣಿಗೇರಿ, ಗದಗ ಹೋದಂಗ ಮಳಿ ಇಳಕೋತ ಹೋಗ್ತೈತಿ. ಪಡವಲ ಘಟ್ಟದಾಗಿನ ಕ್ಯಾಸಲ್‌ರಾಕಿನ್ಯಾಗ ಸಾವಿರಾರು ಮಿಲಿಮೀಟರ್ ಸುರೀತೈತಿ, ಧಾರವಾಡಕ್ಕ ಬರೂದ್ರಾಗ ಎಂಟನೂರರ ಸುತ್ತ, ಗದಗಿನ್ಯಾಗ ಆರನೂರು ಚಿಲ್ರೆ. ಹಾವೇರಿ ಜಿಲ್ಲಾದಾಗೂ ಹಂಗ, ಹಾನಗಲ್ ಕಡೆ ಭತ್ತ, ರಾಣೆಬೆನ್ನೂರ ಕಡೆ ಕೃಷ್ಣಮೃಗ ಓಡಾಡೋ ಒಣಾ ಬಯಲು. ಹಳೇ ಮನಿ ಮಾಡು ನೋಡಿದ್ರ ಹವಾ ಹೇಳಬಹುದು: ಧಾರವಾಡದಾಗ ಇಳಿಜಾರು ಹಂಚು, ಗದಗ, ನರಗುಂದ, ರೋಣದಾಗ ಸಪಾಟ ಮಣ್ಣಿನ ಮ್ಯಾಳಿಗಿ, ನಡುವ ಬೆಳಕಿಂಡಿ, ದಪ್ಪ ಗ್ವಾಡಿ. ಆ ಮ್ಯಾಳಿಗಿ ಮನ್ಯಾಗ ಮೇ ತಿಂಗಳ ಮಧ್ಯಾಹ್ನ ಫ್ಯಾನಿಲ್ದ ನಿದ್ದಿ ಬರ್ತಿತ್ತು, ಈಗ ಅದನ್ನ ಕೆಡವಿ ಸ್ಲ್ಯಾಬ್ ಹಾಕಿ, ಮ್ಯಾಲ ಪತ್ರಾಸ್ ಹೊಚ್ಚಿ, ಹವಾ ಕೆಟ್ಟೈತಿ ಅಂತಾರ.

ಮತ್ತ ಧೂಳು. ಕೇಂದ್ರ ಸರಕಾರ 2019ರಾಗ ಗಾಳಿ ಸುಧಾರಣಾದ ಕಾರ್ಯಕ್ರಮ ಚಾಲೂ ಮಾಡಿದಾಗ ಗಾಳಿ ಮಟ್ಟ ಸರಿ ಇಲ್ಲ ಅಂತ ಗುರುತಿಸಿದ ಊರಿನ ಪಟ್ಟ್ಯಾಗ ಕರ್ನಾಟಕದ ನಾಕು ಬಂದ್ವು: ಬೆಂಗಳೂರು, ದಾವಣಗೆರಿ, ಕಲಬುರಗಿ, ಮತ್ತ ನಮ್ಮ ಹುಬ್ಬಳ್ಳಿ-ಧಾರವಾಡ. ಇದನ್ನ ನಿಮ್ಮ ಮಾವಾರಿಗೆ ಸಾವಕಾಶ ಹೇಳ್ರಿ. ನಮ್ಮಲ್ಲಿ ಇರೋದು ಹೆಚ್ಚಾಗಿ ರಸ್ತಾದ ದಪ್ಪ ಧೂಳು, ದಿಲ್ಲಿಯ ಸಣ್ಣ ಕಣದಷ್ಟು ಒಳಗ ಇಳಿಯಂಗಿಲ್ಲ, ಆದ್ರೂ ದಮ್ಮಿನವರಿಗೆ ಪಾಡಲ್ಲ. ಅಮರಗೋಳ ಎಪಿಎಂಸಿಗೆ ಬ್ಯಾಡಗಿ ಮೆಣಸಿನಕಾಯಿ ಬರೋ ಸೀಜನ್ನಿನ್ಯಾಗ ಆ ಕಡೆ ಹಾದು ಬಂದ್ರಂತೂ ಗಟ್ಟಿ ಎದಿಯವರೂ ಸೀನಿಕೋತ ಬರ್ತಾರ. ನೀರಿನ ಮಾತು ತಗದ್ರ ಇನ್ನೂ ಉದ್ದಾಗ್ತೈತಿ, ತಂಪು ಹವಾದಾಗ ಇದ್ದು ನಳಕ್ಕ ದಿನ ಎಣಸೋ ಊರು ನಮ್ಮದು.

ನಿಮ್ಮ ಎರಡನೇ ಪ್ರಶ್ನೆ, ಕೆಟ್ಟ ಹವಾದಾಗ ಮಂದಿ ಯಾಕ ಇರ್ತಾರ. ಅದಕ್ಕ ನಮ್ಮ ಬಾಜೂದ ಗದಗ ಜಿಲ್ಲಾದಾಗ ಉತ್ತರ ಐತಿ, ದೂರ ಹೋಗೋದು ಬ್ಯಾಡ. ಮಳಿ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ಕಡೆ ಹಳ್ಳಿ, ತಾಂಡಾಗಳಿಂದ ಮಂದಿ ಗುಳೆ ಹೋಗ್ತಾರ, ಎಲ್ಲಿಗೆ? ಗೋವಾಕ್ಕ, ಮಂಗಳೂರಿಗೆ, ಉಡುಪಿಗೆ. ಮೈಗೆ ಹಿತ ಇರೋ ಒಣಾ ಗಾಳಿ, ತಂಪು ರಾತ್ರಿ ಬಿಟ್ಟು, ಬೆವರು ಆರದ ಊರಿಗೆ ಗಾರೆ ಕೆಲಸಕ್ಕ ಹೋಗ್ತಾರ. ಮನಷ್ಯಾ ಸೆಕಿಗೆ ಅಂಜಿ ಊರು ಬಿಡೋದು ಭಾಳ ಕಮ್ಮಿ, ಮಳಿ ಕೈಕೊಟ್ಟು ಹೊಲ ಬರಿದಾದಾಗ ಬಿಡ್ತಾನ. ನೆರಿ ಬಂದಾಗಲೂ ಬಿಡ್ತಾನ, 2009ರಾಗ, 2019ರಾಗ ಮಲಪ್ರಭಾ, ಬೆಣ್ಣಿಹಳ್ಳದ ದಂಡಿಯವರು ಬಿಟ್ಟಂಗ, ಆದ್ರ ನೀರು ಇಳದಮ್ಯಾಲ ಹೊಲ ಅಲ್ಲೇ ಇರ್ತೈತಿ ಅಂತ ತಿರುಗಿ ಅಲ್ಲೇ ಬರ್ತಾನ. ಹೆಣ್ಣಮಕ್ಕಳ ಲೆಕ್ಕಾನ ಬ್ಯಾರೆ, 2011ರ ಜನಗಣತ್ಯಾಗ ಹೆಣ್ಣಮಕ್ಕಳು ಊರು ಬದಲ್ಸಿದ್ದಕ್ಕ ಎಲ್ಲಾಕ್ಕಿಂತ ದೊಡ್ಡ ಕಾರಣ ಲಗ್ನ. ಕೊಟ್ಟ ಊರಿನ ಹವಾ ಹೆಂಗೈತಿ ಅಂತ ಅವರನ್ನ ಯಾರು ಕೇಳಿದ್ರು.

ಹುಬ್ಬಳ್ಳಿಗಾದ್ರೂ ಹವಾ ನೋಡಿ ಮಂದಿ ಬಂದ್ರೇನು? ಹತ್ತಿ ಪ್ಯಾಟಿ ಕರೀತು, 1880ರ ದಶಕದಾಗ ಬಂದ ರೈಲು ಮತ್ತ ಅದರ ವರ್ಕ್‌ಶಾಪು ಕರೀತು. ಹವಾ ನೋಡಿ ರಿಟೈರ್ ಆದವರು ಬಂದಿದ್ದು ಧಾರವಾಡಕ್ಕ, ಪೆನ್ಶನ್ ಇದ್ದವರಿಗೆ ಹವಾ ಆರಿಸೋ ಪುರಸೊತ್ತು ಇರ್ತೈತಿ. ಇಂಗ್ರೇಜರಿಗೂ ಇತ್ತು, 1864ರಿಂದ ಬ್ಯಾಸಗ್ಯಾಗ ಇಡೀ ಸರಕಾರಾನ ಶಿಮ್ಲಾಕ್ಕ ಏರಸ್ತಿದ್ರು. ಜಮ್ಮು-ಕಾಶ್ಮೀರದ ಮಹಾರಾಜರು 1872ರಾಗ ಚಾಲೂ ಮಾಡಿದ ಪದ್ಧತ್ಯಾಗ ಆರು ತಿಂಗಳು ಶ್ರೀನಗರ, ಆರು ತಿಂಗಳು ಜಮ್ಮು ಅಂತ ಕಾಗದಪತ್ರ ಗಾಡ್ಯಾಗ ಹಾಕ್ಕೊಂಡು ಓಡಾಡ್ತಿದ್ರು. ಇಂಥಾದ್ದೆಲ್ಲಾ ಫೈಲು ಹೊರೋ ಮಂದಿ ಬ್ಯಾರೆ ಇದ್ದಾಗ ಸಾಗ್ತೈತಿ.

ಉಳದ ಮಂದಿಗೆ ಕೆಟ್ಟ ಹವಾ ಸಹ್ಯ ಮಾಡಿದ್ದು ಮಷಿನ್. 1902ರಾಗ ನ್ಯೂಯಾರ್ಕಿನ ಬ್ರೂಕ್ಲಿನ್‌ನ್ಯಾಗ ಒಂದು ಪ್ರೆಸ್ಸಿನ್ಯಾಗ ಕಾಗದ ಪಸಿ ಹಿಡದು ಬಣ್ಣ ಸರಿ ಕೂಡವಲ್ದು ಅಂತ ವಿಲಿಸ್ ಕ್ಯಾರಿಯರ್ ಅನ್ನೋ ಇಂಜಿನಿಯರ್ ಎಸಿಯ ಮೂಲ ರೂಪ ತಯಾರು ಮಾಡಿದ. ಕಾಗದದ ಸಲವಾಗಿ ಮಾಡಿದ್ದು ಮನಷ್ಯಾರ ಮನಿಗೆ ಬಂದಮ್ಯಾಲ ಅಮೆರಿಕಾದ ನಕಾಶೀನ ಬದಲಾತು: ಮರುಭೂಮ್ಯಾಗಿನ ಫೀನಿಕ್ಸ್ ಊರಾಗ 1950ಕ್ಕ ಬರೇ ಒಂದು ಲಕ್ಷ ಚಿಲ್ರೆ ಮಂದಿ, 2020ಕ್ಕ ಹದಿನಾರು ಲಕ್ಷ. ಫ್ಲೋರಿಡಾ ರಾಜ್ಯ ಅದ ಎಪ್ಪತ್ತು ವರ್ಷದಾಗ 28 ಲಕ್ಷದಿಂದ ಎರಡು ಕೋಟಿ ದಾಟಿತು. 2023ರಾಗ ಫೀನಿಕ್ಸಿನ್ಯಾಗ ಸತತ 31 ದಿನ 43.3 ಡಿಗ್ರಿಗಿಂತ ಕೆಳಗ ಗರಿಷ್ಠ ಇಳೀಲೇ ಇಲ್ಲ, ಆದ್ರೂ ಮಂದಿ ಗಂಟುಮೂಟಿ ಕಟ್ಟಲಿಲ್ಲ. ಕರೆಂಟು ಇದ್ದವರಿಗೆ ಅದು ಕಿಡಕ್ಯಾಚಿಗಿನ ಮಾತು. ಕುವೈತಿನ್ಯಾಗ 2016ರ ಜುಲೈಗೆ ಮಿತ್ರಿಬಾ ಅನ್ನೋ ಕಡೆ 53.9 ಮುಟ್ಟಿತು, ನಮ್ಮ ಕಡೆ ಹುಡುಗರೂ ಆ ದೇಶಗಳ ಬಿಸಲಾಗ ಕಬ್ಬಿಣ ಕಟ್ಟತಾರ. ದುಬೈ ಕಡೆ ಜೂನ್ 15ರಿಂದ ಸಪ್ಟಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರಿಯಿಂದ ಮೂರರ ತನಕ ಬಯಲಾಗ ಕೆಲಸ ಮಾಡಿಸಬಾರ್ದು ಅಂತ ಕಾನೂನು ಐತಿ. ನಮ್ಮ ದೇಶದಾಗ ಅಹಮದಾಬಾದಿನ್ಯಾಗ 2010ರ ಮೇ ತಿಂಗಳದ ಝಳಕ್ಕ ಯಾವಾಗಲೂ ಸಾಯೋದಕ್ಕಿಂತ 1,344 ಮಂದಿ ಹೆಚ್ಚು ಸತ್ರು, ಆಮ್ಯಾಲ 2013ರಾಗ ಆ ಊರು ಝಳದ ಕ್ರಿಯಾಯೋಜನಾ ಮಾಡ್ತು. ನೀವು ಯಾವ ಊರಿಗೆ ಹೋದ್ರೂ ಆಫೀಸಿನ ಎಸ್ಯಾಗ ಕುಂದರೋರು, ಹವಾ ಹತ್ತೋದು ಮನ್ಯಾಗ ಉಳಿಯೋ ಅವ್ವಾರಿಗೆ, ಮಗಳಿಗೆ, ಅಡಗಿಮನ್ಯಾಗ ನಿಲ್ಲೋರಿಗೆ. ಅದಕ್ಕ ಊರು ಆರಿಸೋ ಮಾತು ನಿಮಗಿಂತ ಅವರು ಹೇಳಿದ್ರ ಚೊಲೋ.

ವಿನ್ನಿಪೆಗ್. ಜನವರ್ಯಾಗ ಸರಾಸರಿ ಮೈನಸ್ 16ರ ಸುತ್ತ, ರಾತ್ರಿ ಮೈನಸ್ 20 ದಾಟತೈತಿ. ಡಿಸೆಂಬರಿನ್ಯಾಗ ಮುಂಜಾನೆ ಎಂಟೂವರಿಗೆ ಸೂರ್ಯಾ ಹುಟ್ಟಿ ಸಂಜಿ ನಾಕೂವರಿಗೆ ಮುಳುಗ್ತಾನ, ಬಿಸಲು ಬೀಳ್ತೈತಿ ಆದ್ರ ಕಾವು ಇರಂಗಿಲ್ಲ. ಗಾಳಿ ಕೂಡಿ ಮೈನಸ್ 28ರಿಂದ 39ರಂಗ ಹತ್ತಿದಾಗ ತೆರೆದ ಚರ್ಮಕ್ಕ ಹತ್ತರಿಂದ ಮೂವತ್ತು ಮಿನಿಟಿನ್ಯಾಗ ಹಿಮ ಹೊಡೀತೈತಿ ಅಂತ ಅಲ್ಲಿಯ ಹವಾಮಾನ ಇಲಾಖೆಯ ಲೆಕ್ಕ. ಗಾಡಿ ಇಂಜಿನ್ನಿಗೆ ರಾತ್ರಿ ಕರೆಂಟು ವಾಯರ್ ಹಚ್ಚಿ ಬೆಚ್ಚಗ ಇಡಬೇಕು. ಆ ಊರೂ ನಮ್ಮ ಹುಬ್ಬಳ್ಳಿ ಹಂಗ ರೈಲಿನಿಂದ ಬೆಳದದ್ದು, ಗೋಧಿ ಬಯಲಿನ ನಡುವಿನ ಜಂಕ್ಷನ್, ಥಂಡಿ ಇಷ್ಟ ಅಂತ ಅಲ್ಲಿಗೆ ಯಾರೂ ಬರಲಿಲ್ಲ. ಆದ್ರ ಅಲ್ಲಿ ಮನಿ, ಸಾಲಿ, ಆಫೀಸು ಎಲ್ಲಾ ಥಂಡಿಗಂತ ಕಟ್ಟಿದ್ದು, ಒಳಗ 21-22 ಡಿಗ್ರಿ. ದಿಲ್ಲಿಯ 5 ಡಿಗ್ರ್ಯಾಗ ಮನಿ ಒಳಗ ನಡಗಿದಷ್ಟು ಅಲ್ಲಿ ನಡಗಂಗಿಲ್ಲ. ಮಗಳು ಎರಡು ಚಳಿಗಾಲದಾಗ ರೂಢಿ ಆಗಿ ಹಿಮದಾಗ ಆಡ್ತಾಳ. ಅವ್ವಾರಿಗೆ ಮಾತ್ರ ಕಷ್ಟ, ಒಣಾ ಥಂಡಿ ಗಾಳಿ ಎಳಕೊಂಡ್ರ ದಮ್ಮು ಎದ್ದು ಕುಂದರ್ತೈತಿ, ಅಲ್ಲದ ನಾಕೈದು ತಿಂಗಳು ಮನಿ ಬಿಟ್ಟು ಹೊರಗ ಹೋಗಾಕ ಆಗದ, ಮಾತಾಡಾಕ ಮಂದಿ ಇಲ್ಲದ ಇರೋದು ದೊಡ್ಡ ರೋಗ. ಕರಕೊಂಡು ಹೋಗೋದಾದ್ರ ಜೂನ್‌ನಿಂದ ಸಪ್ಟಂಬರ್ ತನಕ ಹೋಗ್ರಿ.

ನಾಗಪುರಕ್ಕ ಹೋಗೋದಂತ ಆದ್ರ ಮನಿ ಹಿಡಿಯುವಾಗ ಎಲ್ಲಾಕ್ಕಿಂತ ಮ್ಯಾಲಿನ ಮಹಡಿ ಬ್ಯಾಡ, ಪಡವಲ ದಿಕ್ಕಿಗೆ ಮಲಗೋ ಖೋಲಿ ಬ್ಯಾಡ, ಎದುರುಬದರು ಕಿಡಕಿ ಇರಲಿ, ಕೂಲರಿನ ಗಾಳಿ ಹೊರಗ ಹೋಗಾಕ ಒಂದು ಕಿಡಕಿ ತಗದಿಡಬೇಕು ಅನ್ನೋದು ಮರೀಬ್ಯಾಡ್ರಿ, ಮುಚ್ಚಿಟ್ರ ಅದೂ ಚೆನ್ನೈ ಆಗ್ತೈತಿ. ಕೂಲರಿನ ಹುಲ್ಲು ಪ್ರತಿ ಸೀಜನ್ ಬದಲ್ಸ್ರಿ, ನೀರು ಮ್ಯಾಲಿಂದ ಮ್ಯಾಲ ಚೆಲ್ರಿ, ಹಳೇ ಹುಲ್ಲಿನ್ಯಾಗ ಬೂಷ್ಟು ಬೆಳದು ಅದ ಗಾಳಿ ಅವ್ವಾರ ಎದಿಗೆ ಹೋಗ್ತೈತಿ. ಅವ್ವಾರು ಮಲಗೋ ಖೋಲ್ಯಾಗ ಕೂಲರಿಗಿಂತ ಸಣ್ಣ ಎಸಿನ ಪಾಡು, ಡಾಕ್ಟರನ್ನ ಕೇಳಿ ನಿರ್ಧಾರ ಮಾಡ್ರಿ. ಚೆನ್ನೈ ಆದ್ರ ಆಫೀಸಿಗೆ ಸ್ವಲ್ಪ ದೂರ ಆದ್ರೂ ಕಡಲಿನ ಕಡೆ ಮನಿ ನೋಡ್ರಿ, ಅಲ್ಲಿ ಗಾಳಿ ಜಲ್ದಿ ಮುಟ್ಟತೈತಿ, ಪಡವಲ ಬಡಾವಣಿಗಳಿಗೆ ತಡಾ ಆಗಿ, ಸೊರಗಿ ಬರ್ತೈತಿ. ತಳಮನಿ ಮಾತ್ರ ತಗೋಬ್ಯಾಡ್ರಿ, 2015ರಾಗ ನೀರು ಎಲ್ಲೀತನಕ ಬಂದಿತ್ತು ಅಂತ ಬಾಜೂದವರನ್ನ ಕೇಳ್ರಿ. ಮತ್ತ ಕಂಪನಿಯವರು ಊರು ನೋಡಿ ಬಾ ಅಂತ ಡಿಸೆಂಬರಿನ್ಯಾಗ ಕಳಸ್ತಾರ, ಆಗ ನಾಗಪುರನೂ ಚಂದ, ಚೆನ್ನೈನೂ ಚಂದ. ಕೊನೀ ತಾರೀಖು ಮುಂದ ಹಾಕಿಸಿಕೊಂಡು ಮೇ ಎರಡನೇ ವಾರ ಅವ್ವಾರನ್ನೂ ಕರಕೊಂಡು ಹೋಗ್ರಿ, ಹೊಟೇಲಿನ ಎಸಿ ಬಂದ್ ಮಾಡಿ ಒಂದು ರಾತ್ರಿ ಮಲಗಿ ನೋಡ್ರಿ.